ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಯಾದವಗಿರಿಯಿಂದ ಅಜ್ಜಿಯೊಬ್ಬರು ಪತ್ರ ಬರೆದಿದ್ದಾರೆ. ಎರಡು ಹಾಳೆ, ಎರಡೂ ಮಗ್ಗುಲು, ಮುತ್ತು ಪೋಣಿಸಿದಂಥ ಅಕ್ಷರ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಆಕಾಶವಾಣಿ ಇರುವ, ಆರ್.ಕೆ. ನಾರಾಯಣ್ ಅವರ ಮನೆ ಇರುವ ಬಡಾವಣೆ ಅಂದರೆ ಮೈಸೂರಿನವರಿಗೆ ಸಾಕು, ಅದಕ್ಕಿಂತ ಹೆಚ್ಚಿನ ವಿಳಾಸ ಬೇಡ.

ಸಂಗತಿ ಇಷ್ಟು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದಾನೆ. ಆರನೇ ತರಗತಿ ಮುಗಿಸಿದ ಹುಡುಗ. ಅವನ ಚಿಕ್ಕಪ್ಪ ಹೊರದೇಶದಿಂದ ತಂದುಕೊಟ್ಟ ನಿಂಟೆಂಡೊ ಯಂತ್ರವೂ ಅವನ ಜೊತೆ ಬಂದಿದೆ. ಅದನ್ನು ಟಿವಿಗೆ ಸಿಕ್ಕಿಸಿ ‘ಮಾರಿಯೊ ಕಾರ್ಟ್’ ಎಂಬ ಗಾಡಿ ಓಡಿಸುವ ಆಟ ಹಾಕಿ, “ಬಾ ಅಜ್ಜಿ, ನೀನೂ ಆಡು” ಎಂದು ಕೈಗೊಂದು ಗುಂಡಿಗಳ ಪಟ್ಟಿ ಕೊಟ್ಟಿದ್ದಾನೆ. ಮೊದಲ ಎರಡು ದಿನ ಅಜ್ಜಿಯ ಗಾಡಿ ಗೋಡೆಗೆ ಗುದ್ದಿತು, ನೀರಿಗೆ ಬಿತ್ತು, ಹನ್ನೆರಡು ಗಾಡಿಗಳಲ್ಲಿ ಹನ್ನೆರಡನೆಯದಾಗಿ ಬಂತು. ಮೂರನೇ ದಿನ ಕೊನೆಯ ಸುತ್ತಿನಲ್ಲಿ ಅಜ್ಜಿ ಮೊಮ್ಮಗನನ್ನು ಹಿಂದೆ ಹಾಕಿಬಿಟ್ಟರು! ಪಕ್ಕದ ಮನೆಯವರಿಗೆ ಹೇಳಿದ್ದಾಯಿತು, ಸಂಜೆಗೆ ಕೇಸರಿಬಾತ್ ಮಾಡಿದ್ದಾಯಿತು. ರಾತ್ರಿ ಹುಡುಗ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಅಡುಗೆಮನೆಗೆ ಕೇಳಿಸಿತು: “ಅಜ್ಜಿಗೆ ಬೇಜಾರಾಗುತ್ತೆ ಅಂತ ನಾನೇ ಗಾಡಿ ನಿಲ್ಲಿಸಿಬಿಟ್ಟೆ ಅಮ್ಮ.”

ಅಜ್ಜಿ ಬರೆಯುತ್ತಾರೆ: “ಹೊಟ್ಟೆ ತಣ್ಣಗಾದ ಹಾಗೂ ಆಯಿತು, ಹೊಟ್ಟೆ ಕಿವುಚಿದ ಹಾಗೂ ಆಯಿತು. ಎಷ್ಟು ಒಳ್ಳೆಯ ಮಗು ಅಂತ ಹೆಮ್ಮೆಪಡಲೋ, ನನ್ನನ್ನು ಇಷ್ಟೇ ಅಂದುಕೊಂಡನಲ್ಲ ಅಂತ ಬೇಸರಪಡಲೋ, ನೀವೇ ಹೇಳಿ.”

ಎರಡೂ ಪಡಿ ತಾಯಿ, ಎರಡೂ ನ್ಯಾಯವೇ. ಆದರೆ ಎರಡನೆಯದರ ಬಗ್ಗೆ ಸ್ವಲ್ಪ ಮಾತಾಡುವುದಿದೆ. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ. ಇದು ಅಜ್ಜಿಯ ಕಥೆ ಮಾತ್ರವಲ್ಲ, ನಿಮ್ಮ ಕಥೆಯೂ ಹೌದು.

ನಮ್ಮಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತ ಒಂದು ಮಾತಿದೆ. ಆಫೀಸಿನಲ್ಲಿ ಕುರ್ಚಿ ಇದ್ದು ಅಧಿಕಾರ ಇಲ್ಲದವರನ್ನು, ಸಮಿತಿಯಲ್ಲಿ ಹೆಸರಿದ್ದು ಮಾತಿಲ್ಲದವರನ್ನು ದೊಡ್ಡವರು ಹೀಗೆ ಆಡಿಕೊಳ್ಳುತ್ತಾರೆ. ಮಾತು ಕೇಳಿದರೆ ಮಾತ್ರ ಕಣ್ಣ ಮುಂದೆ ಬರುವುದು ಬೀದಿ ಆಟವೇ. ಲಗೋರಿ, ಕಣ್ಣಾಮುಚ್ಚಾಲೆ, ಜೂಟಾಟ ಆಡುವಾಗ ಅಕ್ಕನ ಲಂಗ ಹಿಡಿದುಕೊಂಡು ನಾಲ್ಕು ವರ್ಷದ ತಮ್ಮನೂ ಬರುತ್ತಾನೆ. ಬೇಡ ಅಂದರೆ ಅಳುತ್ತಾನೆ, ಮನೆಗೆ ಹೋಗಿ ದೂರು ಹೇಳುತ್ತಾನೆ. ಅದಕ್ಕೆ ಮಕ್ಕಳ ಪಂಚಾಯಿತಿ ತೀರ್ಮಾನ ಮಾಡುತ್ತದೆ: ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಬಹುದು, ಕೂಗಬಹುದು, ಅವಿತುಕೊಳ್ಳಬಹುದು. ಮುಟ್ಟಿದರೂ ಔಟಿಲ್ಲ.

ಎಷ್ಟು ಒಳ್ಳೆಯ ಏರ್ಪಾಡು ನೋಡಿ. ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ಚಿಕ್ಕವನು ಹೊರಗುಳಿಯಲಿಲ್ಲ, ದೊಡ್ಡವರ ಆಟವೂ ಕೆಡಲಿಲ್ಲ. ಅವನು ಬೇಲಿಯ ಪಕ್ಕ ಕೂತು ನೋಡುವುದಕ್ಕಿಂತ ನಡುವೆ ಓಡಾಡಿಕೊಂಡೇ ಆಟ ಕಲಿತ.

ಆದರೆ ಈ ಏರ್ಪಾಡಿಗೆ ಒಂದು ಅವಧಿ ಇದೆ. ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಒಂದು ದಿನ ಆ ತಮ್ಮ ಮುಖ ಕೆಂಪಗೆ ಮಾಡಿಕೊಂಡು, “ನನ್ನನ್ನೂ ಔಟ್ ಮಾಡಿ!” ಅಂತ ಜಗಳಕ್ಕೆ ನಿಲ್ಲುತ್ತಾನೆ. ಔಟಾಗುವುದಕ್ಕೆ ಜಗಳ! ಇದನ್ನು ನೋಡಿದವರಿಗೆ ಗೊತ್ತು, ಅವನಿಗೆ ಗೆಲುವು ಬೇಕಾಗಿಲ್ಲ, ಲೆಕ್ಕಕ್ಕೆ ಬರಬೇಕಾಗಿದೆ. ಆ ದಿನ ನಿಜವಾಗಿ ಔಟಾಗಿ ಮೂಲೆಯಲ್ಲಿ ನಿಂತವನ ಮುಖ ನೋಡಬೇಕು, ಬಹುಮಾನ ಬಂದವನ ಹಾಗೆ ಇರುತ್ತದೆ.

ಯಾದವಗಿರಿಯ ಅಜ್ಜಿಗೆ ಆದದ್ದು ಇದೇ. ಸೋತದ್ದಕ್ಕೆ ಅವರಿಗೆ ಬೇಸರವಿರಲಿಲ್ಲ; ಎರಡು ದಿನ ನಗುನಗುತ್ತಲೇ ಸೋತಿದ್ದರು. ಗೆದ್ದ ದಿನ ತಾನು ಲೆಕ್ಕದಲ್ಲೇ ಇರಲಿಲ್ಲ ಅಂತ ಗೊತ್ತಾದದ್ದು ನೋವು. ವಯಸ್ಸಾದವರಿಗೆ ಇದು ಆಟದಲ್ಲಿ ಮಾತ್ರ ಆಗುವುದೂ ಅಲ್ಲ. ಬ್ಯಾಂಕಿನ ಕಾಗದ ಬಂದರೆ “ನಿನಗೆ ಗೊತ್ತಾಗಲ್ಲ ಬಿಡಮ್ಮ” ಅನ್ನುತ್ತಾರೆ, ಹೊಸ ಫೋನಿನಲ್ಲಿ ಏನೋ ಕೇಳಿದರೆ “ನಾನೇ ಮಾಡಿಕೊಡ್ತೀನಿ ಕೊಡಿ” ಎಂದು ಕಿತ್ತುಕೊಳ್ಳುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಹಾಗೆ ದಿನಕ್ಕೊಂದು ಕೆಲಸದಲ್ಲಿ ಮನೆಯ ಹಿರಿಯರು ಆಟಕ್ಕುಂಟು ಲೆಕ್ಕಕ್ಕಿಲ್ಲ ಆಗುತ್ತಾ ಬರುತ್ತಾರೆ. ಅಜ್ಜಿಯ ಪತ್ರದಲ್ಲಿ ಇದೆಲ್ಲ ಇಲ್ಲ, ನಾನು ಸಾಲುಗಳ ನಡುವೆ ಓದಿಕೊಂಡದ್ದು.

ಹಾಗಾದರೆ ಬಲ್ಲವರು ಹೊಸಬರ ಜೊತೆ ಪೂರ್ತಿ ಶಕ್ತಿ ಹಾಕಿ ಆಡಿ ದಿನಾ ಮಣ್ಣುಮುಕ್ಕಿಸಬೇಕೆ? ಅದೂ ಅಲ್ಲ. ಹತ್ತು ಸಲ ಸೋತ ಮೇಲೆ ಹನ್ನೊಂದನೇ ಸಲ ಯಾರೂ ಆಡಲು ಬರುವುದಿಲ್ಲ. ಬಿಟ್ಟುಕೊಡುವುದು ಬೇಕು. ಹೇಗೆ ಬಿಟ್ಟುಕೊಡುವುದು ಅನ್ನುವುದಷ್ಟೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನಮ್ಮ ಹಳೆಯ ಆಟಗಳಲ್ಲಿ, ಹೊಸ ಆಟಗಳಲ್ಲಿ ಸೊಗಸಾದ ಉತ್ತರಗಳಿವೆ.

ಮೊದಲು ನಮ್ಮ ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದಕ್ಕೆ ಐದು, 25 ಮನೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಆಟದ ಹೆಸರು ಬಂದದ್ದೇ ಅಲ್ಲಿಂದ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಆದರೆ ಒಳಸುತ್ತಿಗೆ ಕಾಲಿಡಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು. ಈಗ ಮೊಮ್ಮಗಳ ಮೇಲಿನ ಮಮತೆಯಿಂದ ತಾತ ಅವಳ ಕಾಯಿ ಹೊಡೆಯುವುದೇ ಇಲ್ಲ ಅಂತಿಟ್ಟುಕೊಳ್ಳಿ. ತಾತನ ಕಾಯಿ ಒಳಗೆ ಹೋಗುವಂತಿಲ್ಲ. ಹೊರಸುತ್ತಿನಲ್ಲೇ ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುತ್ತಿರುತ್ತದೆ. ಹತ್ತು ನಿಮಿಷದಲ್ಲಿ ಮೊಮ್ಮಗಳಿಗೆ ಗೊತ್ತಾಗುತ್ತದೆ, ತಾತ ಆಡುತ್ತಿಲ್ಲ ಅಂತ. ಚೌಕಾಬಾರದಲ್ಲಿ ಕಳ್ಳತನದಿಂದ ಸೋತುಕೊಡುವುದು ಕಷ್ಟ. ಈ ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ಮನೆಮಂದಿಯ ಸ್ವಭಾವ ಚೆನ್ನಾಗಿ ಬಲ್ಲವರಿರಬೇಕು.

ಕವಡೆ ಆಟದಲ್ಲಿ ಇನ್ನೊಂದು ಉಪಕಾರವಿದೆ. ಕವಡೆಗೆ ವಯಸ್ಸು ಗೊತ್ತಿಲ್ಲ. ಎಪ್ಪತ್ತು ವರ್ಷ ಆಡಿದ ಕೈಗೂ ಏಳು ವರ್ಷದ ಕೈಗೂ ಬಾರ ಬೀಳುವ ಸಂಭವ ಒಂದೇ. ಎಲ್ಲಿ ಯಾವ ಕಾಯಿ ನಡೆಸಬೇಕು ಅನ್ನುವುದರಲ್ಲಿ ಜಾಣತನ ಬೇಕು, ಆದರೆ ಅದೃಷ್ಟ ಬಂದು ಆಗಾಗ ತಕ್ಕಡಿ ಸರಿಮಾಡುತ್ತದೆ. 2020ರ ಲಾಕ್‌ಡೌನಿನಲ್ಲಿ ಫೋನಿನ ಲೂಡೋ ಅಷ್ಟೊಂದು ಮನೆಗಳಿಗೆ ಹೊಕ್ಕಿದ್ದೂ ಇದಕ್ಕೇ ಇರಬೇಕು. ಅಮೆರಿಕದ ಮೊಮ್ಮಗು, ಮೈಸೂರಿನ ಅಜ್ಜಿ ಯಾವ ರಿಯಾಯಿತಿಯೂ ಇಲ್ಲದೆ ಎದುರುಬದುರು ಕೂರಬಹುದಾಗಿತ್ತು. ಅಳಗುಳಿಮಣೆಯ ಸ್ವಭಾವ ಇದಕ್ಕೆ ಉಲ್ಟಾ. ಅಲ್ಲಿ ಅದೃಷ್ಟವಿಲ್ಲ, ಪೂರ್ತಿ ಲೆಕ್ಕ. ಹಲವು ಮನೆಗಳ ಆಟದಲ್ಲಿ ಒಂದು ಸುತ್ತು ಸೋತವರಿಗೆ ಮುಂದಿನ ಸುತ್ತಿಗೆ ಗುಳಿ ತುಂಬಲು ಬೀಜ ಸಾಲದೆ ಕೆಲವು ಗುಳಿಗಳು ಖಾಲಿ ಬೀಳುತ್ತವೆ. ಬಡವ ಇನ್ನಷ್ಟು ಬಡವನಾಗುತ್ತಾ ಹೋಗುತ್ತಾನೆ. ಹೊಸಬರನ್ನು ಅಳಿಸಬೇಕೆಂದಿದ್ದರೆ ಅದಕ್ಕಿಂತ ಒಳ್ಳೆಯ ಆಟವಿಲ್ಲ. (ಅಳಗುಳಿಮಣೆಯ ಅಭಿಮಾನಿಗಳು ಕೋಪಿಸಿಕೊಳ್ಳಬಾರದು, ನಾನೂ ಅಭಿಮಾನಿಯೇ.)

ಮೈಸೂರಿಗೆ ಇಂಥ ಆಟಗಳ ಹುಚ್ಚು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಎಷ್ಟೋ ಮಣೆ ಆಟಗಳನ್ನು ಕಟ್ಟಿದವರು, ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಇಡೀ ಹಲಗೆ ಸುತ್ತಿಸುವ ಬಗೆಗಳನ್ನು ಕಂಡುಹಿಡಿದವರು. ಅವರ ಆಟಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಈಗಲೂ ನೋಡಬಹುದು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಗಳನ್ನು ಮತ್ತೆ ಜನರ ಕೈಗೆ ಕೊಡುತ್ತಾ ಬಂದಿದೆ.

ಈಗ ಅಜ್ಜಿಯ ಗಾಡಿ ಆಟಕ್ಕೆ ಬನ್ನಿ. ಮಾರಿಯೊ ಕಾರ್ಟ್ 1992ರಿಂದ ಇರುವ ಆಟ, ಆಗ ಅದನ್ನು ಆಡಿದ ಮಕ್ಕಳು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ದಾರಿಯಲ್ಲಿ ಪ್ರಶ್ನೆ ಗುರುತಿನ ಡಬ್ಬಿಗಳು ಸಿಗುತ್ತವೆ, ಒಡೆದರೆ ಒಳಗೊಂದು ವಸ್ತು. ಯಾರಿಗೆ ಏನು ಸಿಗುತ್ತದೆ ಅನ್ನುವುದು ಬರೀ ಅದೃಷ್ಟವಲ್ಲ. ಮುಂದಿರುವವನಿಗೆ ಹೆಚ್ಚಾಗಿ ಬಾಳೆಹಣ್ಣಿನ ಸಿಪ್ಪೆ, ನಾಣ್ಯ. ಕೊನೆಯಲ್ಲಿರುವವನಿಗೆ ಗುಂಡಿನಂತೆ ಹಾರಿಸಿಕೊಂಡು ಹೋಗುವ ವಾಹನ, ಎಲ್ಲರನ್ನೂ ಕುಗ್ಗಿಸಿಬಿಡುವ ಮಿಂಚು. 1996ರ ಆವೃತ್ತಿಯಿಂದ ನೀಲಿ ಚಿಪ್ಪೊಂದು ಸೇರಿಕೊಂಡಿತು, ಅದು ಮೊದಲನೇ ಸ್ಥಾನದವನನ್ನೇ ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಅಜ್ಜಿ, ನಿಮ್ಮ ಕೈಗೆ ಆ ಚಿಪ್ಪು ಬಂದಾಗ ಮೊಮ್ಮಗ ‘ಅಯ್ಯೋ’ ಅಂದಿರಬೇಕಲ್ಲ?

ಇದು ಬಿಟ್ಟುಕೊಡುವುದೇ. ಆದರೆ ಎಲ್ಲರಿಗೂ ಗೊತ್ತಿರುವ ನಿಯಮ. ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅದೇ ಆಟದ 2017ರ ಆವೃತ್ತಿಯಲ್ಲಿ ಇನ್ನೊಂದು ಅನುಕೂಲವಿದೆ, ಹೆಸರು ಸ್ಮಾರ್ಟ್ ಸ್ಟಿಯರಿಂಗ್. ಅದನ್ನು ಹಾಕಿಕೊಂಡರೆ ಗಾಡಿ ದಾರಿ ಬಿಟ್ಟು ಹಳ್ಳಕ್ಕೆ ಬೀಳುವುದಿಲ್ಲ, ಯಂತ್ರವೇ ತಿರುಗಿಸಿ ದಾರಿಗೆ ತರುತ್ತದೆ. ನನಗೆ ಇಷ್ಟವಾದದ್ದು ಏನೆಂದರೆ, ಹಾಗೆ ಸಹಾಯ ತೆಗೆದುಕೊಂಡ ಗಾಡಿಯ ಹಿಂದೆ ಪುಟ್ಟದೊಂದು ಏರಿಯಲ್ ಕಡ್ಡಿ ನಿಂತಿರುತ್ತದೆ. ಯಾರು ನೋಡಿದರೂ ತಿಳಿಯುತ್ತದೆ, ಈ ಗಾಡಿಗೆ ಊರುಗೋಲಿದೆ ಅಂತ. ಜೊತೆಗೆ ಇನ್ನೊಂದು: ಆ ಸಹಾಯ ಇದ್ದಾಗ ಕೆಲವು ಅಡ್ಡದಾರಿಗಳಲ್ಲಿ ನುಗ್ಗಲಾಗುವುದಿಲ್ಲ. ಆಟ ಚೆನ್ನಾಗಿ ಬಂದವನಿಗೆ ಒಂದು ದಿನ ಆ ಕಡ್ಡಿಯೇ ಅಡ್ಡಿ ಅನ್ನಿಸುತ್ತದೆ, ಅವನೇ ತೆಗೆದುಹಾಕುತ್ತಾನೆ. “ನನ್ನನ್ನೂ ಔಟ್ ಮಾಡಿ” ಅಂದ ತಮ್ಮನ ಹಾಗೆ.

ದೊಡ್ಡ ಆಟಗಾರರು ಚಿಕ್ಕವರಿಗೆ ಎದುರಿಗೇ ಬಿಟ್ಟುಕೊಡುವ ಪದ್ಧತಿ ವಿಡಿಯೊ ಆಟಕ್ಕಿಂತ ತುಂಬಾ ಹಳೆಯದು. ಚೀನಾ, ಜಪಾನ್, ಕೊರಿಯಾಗಳಲ್ಲಿ ಆಡುವ ‘ಗೋ’ ಎಂಬ ಆಟದಲ್ಲಿ ಗೆರೆಗಳು ಸೇರುವ ಕಡೆ ಕಪ್ಪು ಬಿಳಿ ಕಲ್ಲು ಇಡುತ್ತಾ ಜಾಗ ಸುತ್ತುವರಿಯಬೇಕು. ಅಲ್ಲಿ ಆಟಗಾರರಿಗೆ ದರ್ಜೆಗಳಿವೆ. ನನಗೂ ನಿಮಗೂ ಮೂರು ದರ್ಜೆ ವ್ಯತ್ಯಾಸವಿದ್ದರೆ ಆಟ ಶುರುವಾಗುವ ಮೊದಲೇ ನಿಮ್ಮ ಮೂರು ಕಲ್ಲು ಹಲಗೆಯ ಮೇಲೆ ಕೂರುತ್ತವೆ. ಸಾಮಾನ್ಯವಾಗಿ 9 ಕಲ್ಲಿನವರೆಗೂ ಕೊಡಬಹುದು. ಕೊಟ್ಟ ಮೇಲೆ ನಾನು ಒಂದು ಚೂರೂ ಕರುಣೆ ತೋರಿಸದೆ ಆಡುತ್ತೇನೆ, ನೀವೂ ಹಾಗೇ. ಗೆದ್ದರೆ ಆ ಗೆಲುವು ಪೂರ್ತಿ ನಿಮ್ಮದು. ಹೋದ ವರ್ಷ ಆರು ಕಲ್ಲು ತೆಗೆದುಕೊಳ್ಳುತ್ತಿದ್ದವರು ಈ ವರ್ಷ ನಾಲ್ಕಕ್ಕೆ ಬಂದರೆ ಎಷ್ಟು ಮೇಲೇರಿದಿರಿ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಕಲ್ಲು ಎಣಿಸಿಕೊಂಡರೆ ಆಯಿತು.

ಚೆಸ್ಸಿನಲ್ಲೂ 19ನೇ ಶತಮಾನದಲ್ಲಿ ಇದು ದಿನನಿತ್ಯದ ಪದ್ಧತಿ. ಬಲ್ಲವನು ತನ್ನ ಒಂದು ಕಾಲಾಳನ್ನೋ ಕುದುರೆಯನ್ನೋ ಆನೆಯನ್ನೋ ಮೊದಲೇ ತೆಗೆದಿಟ್ಟು ಆಡುತ್ತಿದ್ದ. ಅಮೆರಿಕದ ಪಾಲ್ ಮಾರ್ಫಿ ಎಂಬ ತರುಣ ಯೂರೋಪಿನ ಘಟಾನುಘಟಿಗಳನ್ನು ಸೋಲಿಸಿ ಬಂದ ಮೇಲೆ, ಜಗತ್ತಿನ ಯಾರೇ ಬರಲಿ, ಒಂದು ಕಾಲಾಳನ್ನೂ ಮೊದಲ ನಡೆಯನ್ನೂ ಬಿಟ್ಟುಕೊಟ್ಟು ಆಡುತ್ತೇನೆ ಎಂದು ಸವಾಲು ಹಾಕಿದ. ಯಾರೂ ಬರಲಿಲ್ಲ! ಬಿಟ್ಟುಕೊಡುವುದರಲ್ಲಿ ಸ್ವಲ್ಪ ಜಂಬವೂ ಇರುತ್ತದೆ, ಇರಲಿ. ಮುಚ್ಚಿಟ್ಟ ಕರುಣೆಗಿಂತ ಬಿಚ್ಚಿಟ್ಟ ಜಂಬವನ್ನು ಎದುರಿಸುವುದು ಸುಲಭ.

ಚಾಮುಂಡಿ ಬೆಟ್ಟದ ಕೆಳಗೆ ಕುದುರೆ ಓಡುವ ಮೈದಾನದಲ್ಲೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿಯ ಬಾಜಿಯ ವಿಚಾರ ನಮಗೆ ಬೇಡ, ತೂಕದ ವಿಚಾರ ಮಾತ್ರ. ಹ್ಯಾಂಡಿಕ್ಯಾಪ್ ಓಟಗಳಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ, ಕಡಿಮೆ ಓಡುವುದಕ್ಕೆ ಕಡಿಮೆ. ಎಷ್ಟು ಹೊರಿಸಬೇಕು ಅಂತ ಹೇಳುವುದಕ್ಕೇ ಒಬ್ಬ ಅಧಿಕಾರಿ. ಕುದುರೆಗೆ ಮಾತ್ರ ನಿಧಾನವಾಗಿ ಓಡು ಅಂತ ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಮೋಸ, ಶಿಕ್ಷೆಯಾಗುತ್ತದೆ.

ಬಿಟ್ಟುಕೊಡುವುದಕ್ಕಿಂತ ಮೊದಲಿನ ಹೆಜ್ಜೆ ಇನ್ನೊಂದಿದೆ, ಸರಿಯಾದ ಜೊತೆ ಹುಡುಕುವುದು. ಇದನ್ನು ಮೈಸೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವುದು’ ಅಂತ ಒಂದು ಕಾರ್ಯಕ್ರಮ ನಡೆಯುತ್ತದಲ್ಲ, ಪತ್ರಿಕೆಯಲ್ಲಿ ಫೋಟೊ ನೋಡಿರುತ್ತೀರಿ. ಬೇರೆ ಬೇರೆ ಗರಡಿಗಳಿಂದ ಪೈಲ್ವಾನರು ಬಂದು ನಿಲ್ಲುತ್ತಾರೆ. ಅನುಭವಿ ಹಿರಿಯರು ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಮೈಕಟ್ಟು, ತೂಕ, ವಯಸ್ಸು, ಹಿಂದೆ ಆಡಿದ ಕುಸ್ತಿಗಳನ್ನು ನೋಡಿ ಇವನಿಗೆ ಇವನು ಸರಿ ಅಂತ ಕೈ ಕೂಡಿಸುತ್ತಾರೆ. ಆಮೇಲೆ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಇಳಿದಾಗ ಯಾರೂ ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಜೋಡಿ ಸರಿಯಾಗಿ ಕಟ್ಟಿದರೆ ಅರ್ಧ ನ್ಯಾಯ ಅಲ್ಲೇ ಆಗಿಹೋಯಿತು.

ಗರಡಿಯೊಳಗಿನ ರೀತಿಯೇ ಬೇರೆ. ಅಲ್ಲಿ ಉಸ್ತಾದರು ಹುಡುಗನ ಜೊತೆ ಮಟ್ಟಿಯಲ್ಲಿ ಇಳಿದಾಗ ಅವನ ಪಟ್ಟಿಗೆ ಸಿಗುತ್ತಾರೆ, ಬಿಡಿಸಿಕೊಳ್ಳುತ್ತಾರೆ, ಮತ್ತೆ ಸಿಗುತ್ತಾರೆ. ಹುಡುಗನಿಗೂ ಗೊತ್ತು ಇದು ಪಾಠ, ಪಂದ್ಯವಲ್ಲ ಅಂತ. ಪಾಠದಲ್ಲಿ ಎಷ್ಟು ಬೇಕಾದರೂ ಬಿಟ್ಟುಕೊಡಬಹುದು. ಪಾಠವನ್ನು ಪಂದ್ಯ ಅಂತ ಹೇಳಿ ನಂಬಿಸಬಾರದು ಅಷ್ಟೇ.

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ದೂರದವರ ಜೊತೆ ಆಡುವ ಆಟಗಳಲ್ಲಿ ಈ ಜೋಡಿ ಕಟ್ಟುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದರ ಹಿಂದಿರುವ ಲೆಕ್ಕದ ಮೂಲ ಚೆಸ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೊ ಎಂಬವರು ಪ್ರತಿ ಆಟಗಾರನಿಗೂ ಒಂದು ಅಂಕಿ ಕೊಡುವ ಪದ್ಧತಿ ಮಾಡಿದರು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಇಬ್ಬರ ಅಂಕಿ ಒಂದೇ ಇದ್ದರೆ ನೂರು ಆಟಕ್ಕೆ ಐವತ್ತು ಐವತ್ತು. 200 ಹೆಚ್ಚಿದ್ದವನಿಗೆ ಸುಮಾರು 76, 400 ಹೆಚ್ಚಿದ್ದವನಿಗೆ ಸುಮಾರು 91. ಮಕ್ಕಳೇ, ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದರೆ ಈ ಅಂಕಿ ಒಮ್ಮೆಯಾದರೂ 2500 ಮುಟ್ಟಬೇಕು. ಕರ್ನಾಟಕದಿಂದ ಮೊದಲು ಆ ಪದವಿ ಪಡೆದ ಎಂ.ಎಸ್. ತೇಜಕುಮಾರ್ ಮೈಸೂರಿನವರೇ. ಅಂಥ ಆಟಗಾರರು ಶಾಲೆ ಮಕ್ಕಳ ಜೊತೆ ಆಡುವ ಒಂದು ಕ್ರಮವಿದೆ: ಮಕ್ಕಳು ಸಾಲಾಗಿ ಇಪ್ಪತ್ತು ಮೂವತ್ತು ಹಲಗೆ ಇಟ್ಟುಕೊಂಡು ಕೂರುತ್ತಾರೆ, ಗ್ರ್ಯಾಂಡ್‌ಮಾಸ್ಟರ್ ಒಬ್ಬರೇ ನಡೆದುಕೊಂಡು ಒಂದೊಂದು ಹಲಗೆಗೂ ಒಂದೊಂದು ನಡೆ ಆಡಿ ಮುಂದೆ ಹೋಗುತ್ತಾರೆ. ನಿಮಗೆ ಯೋಚಿಸಲು ಐದು ನಿಮಿಷ, ಅವರಿಗೆ ಕೆಲವು ಸೆಕೆಂಡು. ಇದೂ ಎದುರಿಗೇ ಕೊಟ್ಟ ರಿಯಾಯಿತಿ.

ಇನ್ನು ಯಂತ್ರ ಮಾಡುವ ಜೋಡಿಯಲ್ಲಿ ನನಗೆ ಹಿಡಿಸದ ಒಂದು ವಿಷಯ. ಫೋರ್ಟ್‌ನೈಟ್ ಎಂಬ ಆಟದ ಕಂಪನಿ ಎಪಿಕ್ 2019ರಲ್ಲಿ ಎರಡು ವಿಷಯ ಹೇಳಿತು. ಕೌಶಲ ನೋಡಿ ಆಟಗಾರರನ್ನು ಸೇರಿಸುತ್ತೇವೆ, ಜೊತೆಗೆ ಮನುಷ್ಯರ ಹಾಗೆ ಆಡುವ ಯಂತ್ರದ ಬೊಂಬೆಗಳನ್ನೂ ಸೇರಿಸುತ್ತೇವೆ ಅಂತ. ಅವಕ್ಕೆ ಬಾಟ್ ಎನ್ನುತ್ತಾರೆ. ಹೊಸಬರಿಗೆ ಹೆಚ್ಚು ಬಾಟ್‌ಗಳು, ಕಲಿತ ಹಾಗೆ ಕಡಿಮೆ. ನಮ್ಮ ಹುಡುಗರು ಆಡುವ ಪಬ್‌ಜಿ ಜಾತಿಯ ಆಟಗಳಲ್ಲೂ ಬಾಟ್‌ಗಳಿವೆ. ಹೊಸಬ ಮೊದಲ ದಿನವೇ ನಿಜವಾದ ಪೈಲ್ವಾನರ ಕೈಗೆ ಸಿಕ್ಕಿ ಹಣ್ಣುಗಾಯಿ ಆಗದಿರಲಿ ಅನ್ನುವುದು ಒಳ್ಳೆಯ ಉದ್ದೇಶವೇ. ಆದರೆ ಆಟದ ಒಳಗೆ ನಿನ್ನ ಮುಂದಿರುವುದು ಬೊಂಬೆ ಅಂತ ಎದ್ದು ಕಾಣುವ ಗುರುತಿಲ್ಲ. ಅದಕ್ಕೂ ಮನುಷ್ಯರಂಥದೇ ಹೆಸರು, ಬಟ್ಟೆ. ಹುಡುಗ ಮೊದಲ ವಾರ ಗೆದ್ದೂ ಗೆದ್ದೂ ಅಪ್ಪನಿಗೆ ತೋರಿಸುತ್ತಾನೆ. ಎರಡನೇ ತಿಂಗಳು ಬೊಂಬೆಗಳು ಕಡಿಮೆಯಾಗಿ ನಿಜವಾದವರು ಬಂದಾಗ ಅವನಿಗೆ ತಾನೇ ದಡ್ಡನಾದೆನೇನೋ ಅನ್ನಿಸುತ್ತದೆ. ದಡ್ಡನಾಗಿರುವುದಿಲ್ಲ, ಮೊದಲು ಗೆದ್ದದ್ದು ನಿಜವಾಗಿರಲಿಲ್ಲ ಅಷ್ಟೆ. ಮಾರಿಯೊ ಗಾಡಿಗೆ ಇಟ್ಟ ಹಾಗೆ ಒಂದು ಕಡ್ಡಿ ಇಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? (ಬಂದೂಕಿನ ಆಟಗಳ ಬಗ್ಗೆಯೇ ನನಗೆ ಬೇರೆ ತಕರಾರಿದೆ. ಅದು ಇನ್ನೊಂದು ವಾರಕ್ಕೆ ಇರಲಿ.)

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯುತ್ತದೆ. ಚೆನ್ನಾಗಿ ಆಡುವವನು ತನ್ನ ಖಾತೆ ಪಕ್ಕಕ್ಕಿಟ್ಟು, ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆದು, ಹೊಸಬನ ವೇಷದಲ್ಲಿ ಹೊಸಬರ ಮಧ್ಯೆ ನುಗ್ಗುತ್ತಾನೆ. ಪಳಗಿದ ಪೈಲ್ವಾನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಕ್ಕಳ ಜೋಡಿಯಲ್ಲಿ ಬಂದು ನಿಂತ ಹಾಗೆ. ಆಟದವರ ಭಾಷೆಯಲ್ಲಿ ಇದಕ್ಕೆ ಸ್ಮರ್ಫಿಂಗ್ ಅನ್ನುತ್ತಾರೆ. ಸುಲಭದ ಗೆಲುವಿನ ಚಪಲ. ಡೋಟಾ 2 ಎಂಬ ಆಟದ ಕಂಪನಿ ವಾಲ್ವ್ 2023ರ ಸೆಪ್ಟೆಂಬರಿನಲ್ಲಿ ಇಂಥ 90,000 ಖಾತೆಗಳನ್ನು ಮುಚ್ಚಿ, ಒಂದೊಂದೂ ಯಾರ ಅಸಲಿ ಖಾತೆಗೆ ಸೇರಿದ್ದು ಅಂತಲೂ ಪತ್ತೆಮಾಡಿತು. ದೊಡ್ಡ ತರಗತಿಯ ಹುಡುಗರೇ, ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನನಗೆ ಹೇಳಬೇಕಾಗಿಲ್ಲ. ಆ ಕಡೆ ಕೂತಿದ್ದವನು ನಿಮ್ಮ ತಮ್ಮನ ವಯಸ್ಸಿನವನು ಇರಬಹುದು, ಅವತ್ತೇ ಮೊದಲ ಸಲ ಆಟ ಹಾಕಿಕೊಂಡವನು ಇರಬಹುದು.

ಈಗ ಅಜ್ಜಿಗೆ ಉತ್ತರ. ಮೊಮ್ಮಗನ ಮೇಲೆ ಮುನಿಸಿಕೊಳ್ಳಬೇಡಿ. ಅವನು ಕಲಿತದ್ದು ನಮ್ಮಿಂದಲೇ. ಚೌಕಾಬಾರ, ಕೇರಂ, ಚೆಸ್ ಅಂತ ನಾವು ಹಿರಿಯರು ಎಷ್ಟು ಸಲ ಮಕ್ಕಳಿಗೆ ಗುಟ್ಟಾಗಿ ಸೋತುಕೊಟ್ಟು, “ಅಬ್ಬಾ, ಎಷ್ಟು ಜಾಣ!” ಅಂತ ಕಣ್ಣರಳಿಸಿಲ್ಲ? ಮೂರು ವರ್ಷದ ಕೂಸಿಗೆ ಹಾಗೆ ಮಾಡಿದರೆ ನನ್ನ ತಕರಾರಿಲ್ಲ, ಅದಕ್ಕೆ ಚಪ್ಪಾಳೆಯೇ ಆಟ. ಏಳೆಂಟು ವರ್ಷದ ಮಗುವಿಗೆ ಬೇಡ. ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ನೀವು ನಿಜವಾಗಿ ಹೊಗಳಿದಾಗಲೂ ಅದು ಒಂದು ಗಳಿಗೆ ನಿಮ್ಮ ಮುಖ ನೋಡುತ್ತದೆ, ಇದು ಆ ಜಾತಿಯ ಹೊಗಳಿಕೆಯೋ ಅಂತ.

ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ಷರತ್ತು ಮಾತಾಡಿ. “ನೀನು ಬಲ್ಲವನು, ನಾನು ಹೊಸಬಳು. ನನಗೆ ಏನು ಕೊಡ್ತೀಯೋ ಮೊದಲೇ ಹೇಳು. ಕೊಟ್ಟ ಮೇಲೆ ಬ್ರೇಕ್ ಹಿಡಿದೆಯೋ, ಕೇಸರಿಬಾತ್ ಇಲ್ಲ.” ಆ ಆಟದಲ್ಲಿ ವೇಗದ ದರ್ಜೆಗಳಿವೆ, 50 ಸಿಸಿಯಿಂದ ಶುರು. ನೀವು ಕಲಿಯುವ ತನಕ ಅದನ್ನೇ ಇಟ್ಟುಕೊಳ್ಳಿ. ನಿಮ್ಮ ಗಾಡಿಗೆ ಕಡ್ಡಿ ಇರಲಿ, ಅವನದಕ್ಕೆ ಬೇಡ. ಓಟ ಶುರುವಾದ ಮೇಲೆ ಅವನು ಹತ್ತು ಎಣಿಸಿ ಹೊರಡಲಿ, ಜೋರಾಗಿ ಎಣಿಸಲಿ, ಮನೆಗೆಲ್ಲ ಕೇಳುವ ಹಾಗೆ. ನೀವು ಸತತ ಮೂರು ಸಲ ಗೆದ್ದರೆ ಹತ್ತು ಏಳಕ್ಕಿಳಿಯಲಿ. ಆಮೇಲೆ ಐದಕ್ಕೆ. ರಜೆ ಮುಗಿಯುವ ಹೊತ್ತಿಗೆ ಸೊನ್ನೆಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೂ ನೀವು ಹತ್ತರಲ್ಲಿದ್ದಿರಿ, ನಾಲ್ಕಕ್ಕೆ ಬಂದಿರಿ ಅನ್ನುವುದು ಕ್ಯಾಲೆಂಡರಿನ ಹಿಂದೆ ಬರೆದಿಡುವಂಥ ಲೆಕ್ಕ.

ಹಾಗೆಯೇ ಸಾಯಂಕಾಲ ಚೌಕಾಬಾರ ಹಾಸಿದಾಗ ಸರದಿ ನಿಮ್ಮದು. ಅವನು ಹೊಸಬ, ನೀವು ಪಳಗಿದವರು. ಬೇಕಾದರೆ ಅವನ ಒಂದು ಕಾಯಿಗೆ ಮೊದಲೇ ಒಳಸುತ್ತಿನ ಪರವಾನಗಿ ಕೊಟ್ಟುಬಿಡಿ, ಆಮೇಲೆ ಸಿಕ್ಕಿದ ಕಾಯಿಯನ್ನು ಬಿಡಬೇಡಿ. ಚೆಸ್ ಆಡುವ ತಾತಂದಿರು ಮಂತ್ರಿಯನ್ನು ಹಲಗೆಯಿಂದ ತೆಗೆದು ಮಗುವಿನ ಕೈಗೇ ಕೊಡಿ, “ನೀನು ಮೂರು ಆಟ ಗೆಲ್ಲುವ ತನಕ ಇದು ನಿನ್ನ ಹತ್ತಿರ ಇರಲಿ” ಅಂತ. ಗೆದ್ದರೆ ಮಂತ್ರಿ ಹಲಗೆಗೆ ವಾಪಸ್, ಅದರ ಬದಲು ಆನೆ ಮಗುವಿನ ಕೈಗೆ. ಆಮೇಲೆ ಆನೆಯ ಬದಲು ಕುದುರೆ, ಕೊನೆಗೆ ಬರೀ ಒಂದು ಕಾಲಾಳು. ಕಾಯಿಗಳನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಕಳೆದುಕೊಂಡು ಬರದ ಹಾಗೆ ನೋಡಿಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನು ಬಿಟ್ಟುಕೊಡುತ್ತಾರೆ ಅಂತ ಮಕ್ಕಳೇ ಬರೆದು ಕಳಿಸಿ. ಯಾವ ಆಟ, ಎಷ್ಟು ಕಾಯಿ ಅಥವಾ ಎಷ್ಟು ಎಣಿಕೆ, ಈಗ ಎಷ್ಟಕ್ಕೆ ಇಳಿದಿದೆ, ಇಷ್ಟು ಬರೆದರೆ ಸಾಕು. ಅಜ್ಜಿ ತಾತಂದಿರ ಸಹಿ ಇರಲಿ, ಅವರು ಒಪ್ಪಿದ ಲೆಕ್ಕ ಅಂತ.